ಸತ್ಯಾಂಶ: ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತಾ?

“ಒಬ್ಬರೇ ಇದ್ದಾಗ ಎದೆನೋವು ಬಂದರೆ ಆಳವಾಗಿ ಉಸಿರೆಳೆದು ಜೋರಾಗಿ ಕೆಮ್ಮುತ್ತಾ ಇರಿ, ಜೀವ ಉಳಿಯುತ್ತದೆ.” ಈ ಮೆಸೇಜ್ ನಿಮಗೂ ಬಂದಿರಬಹುದು. ಕಳಿಸುವವರ ಕಾಳಜಿ ನಿಜ, ಆದರೆ ಸಲಹೆ ತಪ್ಪು.

ಇದು ಸುಮ್ನೆ ಹುಟ್ಟಿದ್ದಲ್ಲ. 1976ರಲ್ಲಿ ಅಮೆರಿಕದ ವೈದ್ಯ ಮೈಕೆಲ್ ಕ್ರೈಲಿ ಮತ್ತು ಸಂಗಡಿಗರು ಒಂದು ವರದಿ ಬರೆದರು. ಆಂಜಿಯೋಗ್ರಾಂ ಮಾಡುವಾಗ ಮೂವರು ರೋಗಿಗಳ ಹೃದಯ ದಿಢೀರನೆ ಬಡಿತ ಬಿಟ್ಟು ಅದುರತೊಡಗಿತು. ವೈದ್ಯರು ಹೇಳಿದಂತೆ ಅವರು ಕೆಮ್ಮುತ್ತಲೇ ಇದ್ದರು. ಎದೆಯೊಳಗಿನ ಒತ್ತಡಕ್ಕೆ ಸ್ವಲ್ಪ ರಕ್ತ ಮೆದುಳಿಗೆ ಹರಿಯಿತು. 24ರಿಂದ 39 ಸೆಕೆಂಡ್ ಪ್ರಜ್ಞೆ ಉಳಿಯಿತು. ಅಷ್ಟೇ. ಅಲ್ಲಿ ಇಸಿಜಿ ಪರದೆ ಕಣ್ಣೆದುರೇ ಇತ್ತು, ಶಾಕ್ ಕೊಡುವ ಯಂತ್ರ ಪಕ್ಕದಲ್ಲೇ ಇತ್ತು. ಮನೆಯಲ್ಲಿ ಅದೆಲ್ಲ ಇರಲ್ಲ, ಅಲ್ವಾ?

ಹೃದಯಾಘಾತದಲ್ಲಿ ರಕ್ತನಾಳ ಕಟ್ಟಿಕೊಂಡಿರುತ್ತದೆ. ಕೆಮ್ಮಿದರೆ ಆ ಹೆಪ್ಪು ಕರಗದು. ಹೃದಯ ಪೂರ್ತಿ ನಿಂತರೆ ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ, ಆಮೇಲೆ ಕೆಮ್ಮುವುದೆಲ್ಲಿ?

ಎದೆ ಬಿಗಿದು ಬೆವರು ಕಿತ್ತುಕೊಂಡರೆ ಕೂತುಕೊಳ್ಳಿ, 108ಕ್ಕೆ ಕರೆ ಮಾಡಿ. ಬಾಗಿಲ ಚಿಲಕ ತೆಗೆದಿಡಿ. ನೀವೇ ಗಾಡಿ ಓಡಿಸಬೇಡಿ. ಯಾರಾದರೂ ಕುಸಿದು ಉಸಿರು ನಿಂತಿದ್ದರೆ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಾ ಇರಿ.