ಕಸಾಲ್ಸ್‌ಗೆ ಸಿಕ್ಕಿದ್ದು ಬಾಖ್ ಹಸ್ತಪ್ರತಿಯಲ್ಲ

ಸ್ಪೇನಿನ ಚೆಲ್ಲೊ (ಪಿಟೀಲಿನ ಜಾತಿಯ ದೊಡ್ಡ ತಂತಿವಾದ್ಯ) ವಾದಕ ಪಾಬ್ಲೊ ಕಸಾಲ್ಸ್ ಹದಿಮೂರನೆಯ ವಯಸ್ಸಿನಲ್ಲಿ ಬಾರ್ಸಿಲೋನಾದ ಹಳೆಯ ಅಂಗಡಿಯೊಂದರಲ್ಲಿ, 200 ವರ್ಷ ಕಳೆದುಹೋಗಿದ್ದ, ಜರ್ಮನ್ ಸಂಗೀತ ರಚನಕಾರ ಬಾಖ್ ಅವರ ಹಸ್ತಪ್ರತಿಯನ್ನು ಪತ್ತೆಹಚ್ಚಿದರು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಅಂಗಡಿ ನಿಜ, ವಯಸ್ಸೂ ನಿಜ. ಉಳಿದದ್ದು ಒಗ್ಗರಣೆ.

ಅದು 1890. ಆಗ ಬಾಖ್ ತೀರಿಕೊಂಡೇ 140 ವರ್ಷವಾಗಿತ್ತಷ್ಟೆ. ಚೆಲ್ಲೊ ಒಂದಕ್ಕೇ ಅವರು ಬರೆದ ಆರು ಕೃತಿಗುಚ್ಛಗಳು 1820ರ ದಶಕದಲ್ಲೇ ಪ್ಯಾರಿಸ್‌ನಲ್ಲಿ ಅಚ್ಚಾಗಿದ್ದವು. ಕಸಾಲ್ಸ್ ಕೈಗೆ ಬಂದದ್ದೂ ಮುದ್ರಿತ ಪ್ರತಿಯೇ. ಬಾಖ್ ಸ್ವಹಸ್ತದ ಪ್ರತಿ ಇಂದಿಗೂ ಸಿಕ್ಕಿಲ್ಲ. ಈಗಿರುವ ಮುಖ್ಯ ಆಧಾರ ಅವರ ಪತ್ನಿ ಆನಾ ಮಗ್ಡಲೇನಾ ಮಾಡಿಟ್ಟ ನಕಲು.

ಕಸಾಲ್ಸ್ ಹಿರಿಮೆ ಬೇರೆ ಕಡೆ ಇದೆ. ಬಹುತೇಕರು ಅಭ್ಯಾಸಪಾಠವೆಂದೇ ಎಣಿಸಿ, ಕಛೇರಿಗಳಲ್ಲಿ ಬಿಡಿ ಭಾಗಗಳನ್ನಷ್ಟೇ ನುಡಿಸುತ್ತಿದ್ದ ಈ ಕೃತಿಗಳನ್ನು ಅವರು ಇಡಿಯಾಗಿ ವೇದಿಕೆಗೆ ತಂದರು, ಅದೂ ಹತ್ತಕ್ಕೂ ಹೆಚ್ಚು ವರ್ಷಗಳ ಸಾಧನೆಯ ನಂತರ. (ಸಂದೇಶದಲ್ಲಿ ಇದರ ಸುಳಿವೇ ಇಲ್ಲ!) ಆ ನಡುವೆ ಹೊಟ್ಟೆಪಾಡಿಗೆ ಕೆಫೆಯಲ್ಲಿ ವಾದನ, ಬಳಿಕ ಬಾರ್ಸಿಲೋನಾದ ಲಿಸೇಯು ಒಪೇರಾ ಮಂದಿರದ ವಾದ್ಯವೃಂದದಲ್ಲಿ ಮುಖ್ಯ ಚೆಲ್ಲೊ ವಾದಕನ ಸ್ಥಾನ. ಮುಂದೆ ಪಿಯಾನೊದ ಕೊರ್ಟೊ, ಪಿಟೀಲಿನ ತಿಬೊ ಅವರೊಂದಿಗೆ ಕಟ್ಟಿದ ಮೂವರ ತಂಡ ಹೆಸರು ಮಾಡಿತು. ಬಾಖ್‌ನ ಆರೂ ಗುಚ್ಛಗಳನ್ನು ಅವರು ಧ್ವನಿಮುದ್ರಿಸಿದ್ದು 1936ರಿಂದ 1939ರ ನಡುವೆ, ಅರವತ್ತರ ಆಸುಪಾಸಿನಲ್ಲಿ.