ಅಪ್ಪನ ಎದೆ, ಮಗನ ಜೊತೆ ಮಾತು

ಊರಲ್ಲಿ ಹಿರಿಯರನ್ನು ಹಾರ್ಟ್ ಡಾಕ್ಟರಿಗೆ ತೋರಿಸಲು ಹೋದರೆ ಏನಾಗುತ್ತೆ ಗೊತ್ತಲ್ವಾ? ಕಾಯಿಲೆ ಅಪ್ಪನದು, ಮಾತೆಲ್ಲ ಮಗನ ಜೊತೆ. ಬೇರೆ ಕಾಯಿಲೆಗೆ ಹೇಗೋ ನಡೆಯುತ್ತೆ. ವಯಸ್ಸಾದವರ ಅಯೋರ್ಟಿಕ್ ವಾಲ್ವಿನಲ್ಲಿ, ಅಂದರೆ ಹೃದಯದಿಂದ ಮೈಗೆಲ್ಲ ರಕ್ತ ಹೋಗುವ ಬಾಗಿಲಲ್ಲಿ, ಕ್ಯಾಲ್ಸಿಯಂ ಕಟ್ಟಿಕೊಂಡಾಗ ಮಾತ್ರ ಇದು ನಡೆಯಲ್ಲ.

ಹಾಲು, ರಾಗಿ ತಿಂದಿದ್ದರಿಂದ ಇದು ಬರುವುದಲ್ಲ. ವರ್ಷಗಟ್ಟಲೆ ಬಡಿದು ವಾಲ್ವಿನ ಪದರಕ್ಕೆ ಪೆಟ್ಟಾಗುತ್ತೆ, ಅಲ್ಲಿ ಕೊಬ್ಬು ಸೇರುತ್ತೆ, ಕೊನೆಗೆ ಮೂಳೆ ಬೆಳೆದ ಹಾಗೆ ಗಟ್ಟಿಯಾಗುತ್ತೆ. ಬಿಪಿ, ಸಿಗರೇಟು ಇದ್ದರೆ ಜಾಸ್ತಿ. ಮೂರರ ಬದಲು ಎರಡೇ ಎಸಳಿನ ವಾಲ್ವ್ ಇಟ್ಟುಕೊಂಡು ಹುಟ್ಟಿದವರಿಗೆ ಬೇಗ. 3-4 ಚದರ ಸೆಂಟಿಮೀಟರ್ ತೆರೆಯಬೇಕಾದ ಬಾಗಿಲು 1ಕ್ಕಿಂತ ಕಿರಿದಾದರೆ ತೀವ್ರ ಅನ್ನುತ್ತಾರೆ. ಕರಗಿಸುವ ಮಾತ್ರೆ ಇಲ್ಲ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೊಟ್ಟೂ ನೋಡಿದರು, ಫಲ ಸಿಗಲಿಲ್ಲ.

ವಾಲ್ವ್ ಬದಲಿಸುವುದು ಯಾವಾಗ ಅನ್ನುವುದಕ್ಕೆ ಎಕೋ (ಹೃದಯದ ಸ್ಕ್ಯಾನ್) ಜೊತೆಗೆ ಏದುಸಿರು, ಎದೆನೋವು, ತಲೆಸುತ್ತು ಮುಖ್ಯ. ಅವು ಶುರುವಾದ ಮೇಲೆ ಹಾಗೇ ಬಿಟ್ಟರೆ ಉಳಿಯುವುದು ಕೆಲವೇ ವರ್ಷ. ಆದರೆ ಹಿರಿಯರು ಏದುಸಿರು ಬಾರದ ಹಾಗೆ ಓಡಾಟವನ್ನೇ ಕಡಿಮೆ ಮಾಡಿಕೊಂಡಿರುತ್ತಾರೆ. ಮಗ 'ಏನೂ ತೊಂದರೆ ಇಲ್ಲ, ವಯಸ್ಸಾಯ್ತಲ್ಲ' ಅನ್ನುತ್ತಾನೆ.

ಮ್ಯಾಂಚೆಸ್ಟರ್‌ನಲ್ಲಿ ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿಯ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. 'ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸ ಈಗ ಬಿಟ್ಟಿದ್ದೀರಿ?' ಅಂತ ಅಜ್ಜಿಯನ್ನೇ ಕೇಳಿದರು. 'ನನಗೇನಾಗಿದೆ' ಅನ್ನುತ್ತಿದ್ದವರು ಯೋಚಿಸಿ, ತೋಟದ ಕೆಲಸ ಬಿಟ್ಟಿದ್ದೇನೆ, ರಾತ್ರಿ ಮೆಟ್ಟಿಲು ಹತ್ತದೆ ಕೆಳಗಿನ ಸೋಫಾದಲ್ಲೇ ಮಲಗುತ್ತೇನೆ ಅಂದರು. ಎದೆ ತೆರೆಯುವ ಆಪರೇಷನ್ನಾ, ತೊಡೆಸಂದಿಯ ರಕ್ತನಾಳದಿಂದ ವಾಲ್ವ್ ಕಳಿಸುವ ಟಾವಿಯಾ ಅಂತ ಕೇಳಿದ್ದೂ ಅವರನ್ನೇ. ಟಾವಿಯನ್ನು 2002ರಲ್ಲಿ ಫ್ರಾನ್ಸಿನ ರುವಾನ್‌ನಲ್ಲಿ ಆಲೇನ್ ಕ್ರಿಬಿಯೇ ಮೊದಲು ಮಾಡಿದರು. ಈಗ ಎಪ್ಪತ್ತೈದು ದಾಟಿದವರಿಗೆ ಹೆಚ್ಚಾಗಿ ಅದೇ.

ಇಲ್ಲಿ ಇಂಗ್ಲೆಂಡಿನಲ್ಲಿ ಎಲ್ಲ ಚೆನ್ನ ಅಂತಲ್ಲ. ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಖರ್ಚಿಲ್ಲ, ಆದರೆ ಟಾವಿಗೆ ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಬೆಂಗಳೂರಲ್ಲಿ ದುಡ್ಡಿದ್ದರೆ ಬೇಗ ಆಗುತ್ತೆ. ಗುಜರಾತಿನ ಮೆರಿಲ್ ಕಂಪನಿ ಮೈವಾಲ್ ಅನ್ನುವ ವಾಲ್ವ್ ಭಾರತದಲ್ಲೇ ಮಾಡುತ್ತಿದ್ದರೂ ಖರ್ಚು ಲಕ್ಷಗಟ್ಟಲೆ. ದುಡ್ಡು ಕೊಡುವವನು ಮಗ, ಹಾಗಾಗಿ ಡಾಕ್ಟರ ಮಾತೂ ಅವನ ಜೊತೆ. ಬಿಲ್ಲಿನ ವಿಷಯ ಅವನ ಹತ್ತಿರವೇ ಮಾತಾಡಲಿ ಬಿಡಿ. ಮೆಟ್ಟಿಲು ಹತ್ತೋಕೆ ಆಗ್ತಿದೆಯಾ ಅನ್ನುವುದನ್ನು ಅಪ್ಪನನ್ನೇ ಕೇಳಬೇಕು, ಅದೂ ಮಗ ಹೊರಗೆ ಕೂತಿರುವಾಗ.