ಗುಣ ಅಳೆಯುವ ಟೇಪು

"ನಾವು ಹೆಣ್ಣುಮಕ್ಕಳ ಬಟ್ಟೆ ನೋಡುವವರಲ್ಲ ಕಣ್ರೀ, ಗುಣ ನೋಡ್ತೀವಿ, ಬುದ್ಧಿ ನೋಡ್ತೀವಿ." ಹೀಗೆ ಎದೆ ತಟ್ಟಿಕೊಂಡು ಹೇಳುವ ಮಹನೀಯರನ್ನು ಸುಮ್ನೆ ಒಂದು ಪ್ರಶ್ನೆ ಕೇಳಿ. ಆ ಗುಣ ನಿಮಗೆ ಎಲ್ಲಿ ಕಾಣಿಸಿತು ಸ್ವಾಮಿ? ತೋಳಿನ ಉದ್ದದಲ್ಲಂತೆ. ಕುತ್ತಿಗೆ ಎಷ್ಟು ಮುಚ್ಚಿದೆ ಅನ್ನುವುದರಲ್ಲಂತೆ. ಲಿಪ್‌ಸ್ಟಿಕ್ ತಿಳಿ ಬಣ್ಣದ್ದಾದರೆ ಹೇಗೋ ನಡೆಯುತ್ತೆ, ಕಡುಗೆಂಪಾದರೆ ಬುದ್ಧಿ ಕಮ್ಮಿ. ಫ್ಯಾಶನ್ ಬೇಡ ಅನ್ನುವ ಇವರಷ್ಟು ಕಣ್ಣಿಟ್ಟು ಬಟ್ಟೆ ನೋಡುವವರು ದರ್ಜಿಗಳಲ್ಲೂ ಸಿಗುವುದಿಲ್ಲ.

ಗಂಡಸಿನ ಮೇಲೆ ಈ ಟೇಪು ಬೀಳುವುದಿಲ್ಲ. ಆಸ್ಟ್ರೇಲಿಯಾದ ಟಿವಿ ನಿರೂಪಕ ಕಾರ್ಲ್ ಸ್ಟೆಫನೊವಿಕ್ ಒಂದೇ ನೀಲಿ ಸೂಟಿನಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಬೆಳಗಿನ ಕಾರ್ಯಕ್ರಮ ನಡೆಸಿದರು. ಪಕ್ಕದಲ್ಲಿ ಕೂರುತ್ತಿದ್ದ ಲಿಸಾ ವಿಲ್ಕಿನ್ಸನ್ ಏನೇ ಹಾಕಿಕೊಂಡು ಬಂದರೂ ಜನ ತಪ್ಪು ಹುಡುಕುತ್ತಿದ್ದರು, ಅದನ್ನು ನೋಡಿ ನೋಡಿ ಬೇಸತ್ತು ಮಾಡಿದ ಪರೀಕ್ಷೆ ಅದು. 2014ರಲ್ಲಿ ಅವರೇ ಬಾಯಿಬಿಟ್ಟು ಹೇಳಿದ ಮೇಲೆ ಗೊತ್ತಾಗಿದ್ದು! ಪಾಪ, ವೀಕ್ಷಕರು ಅವರ ಗುಣ ನೋಡುವುದರಲ್ಲೇ ಮುಳುಗಿಹೋಗಿದ್ದರು, ಅಲ್ವಾ?

ಅದೇ ಹೆಂಗಸರಾದರೆ? 2017ರಲ್ಲಿ ಆಗಿನ ಬ್ರಿಟನ್ ಪ್ರಧಾನಿ ತೆರೇಸಾ ಮೇ ಮತ್ತು ಸ್ಕಾಟ್ಲೆಂಡ್ ಸರ್ಕಾರದ ಆಗಿನ ಮುಖ್ಯಸ್ಥೆ ನಿಕೋಲಾ ಸ್ಟರ್ಜನ್ ಬ್ರೆಕ್ಸಿಟ್, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡುವ ಮಾತುಕತೆಗೆ ಕೂತರೆ, ಒಂದು ಬ್ರಿಟಿಷ್ ಪತ್ರಿಕೆಯ ಮುಖಪುಟಕ್ಕೆ ಬೇಕಾಗಿದ್ದು ಇಬ್ಬರಲ್ಲಿ ಯಾರ ಕಾಲು ಚೆಂದ ಅನ್ನುವುದು.

ನೆಲದ ಮೇಲಷ್ಟೇ ಅಂದುಕೊಳ್ಳಬೇಡಿ. ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಸ್ಯಾಲಿ ರೈಡ್ 1983ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್ ಮಹಿಳೆ. ಆಕೆಗಾಗಿ ನಾಸಾ ಎಂಜಿನಿಯರುಗಳು ತಲೆ ಕೆಡಿಸಿಕೊಂಡು ಒಂದು ಮೇಕಪ್ ಕಿಟ್ ತಯಾರಿಸಿದ್ದರು. ಆರು ದಿನದ ಪ್ರಯಾಣ. ರಾಕೆಟ್ಟಿನಲ್ಲಿ ಒಂದೊಂದು ಗ್ರಾಮಿಗೂ ಲೆಕ್ಕ ಇಡುವ ಜನ ಇವರು! ಅಲ್ಲಿ ನೋಡುವವರಾದರೂ ಯಾರು, ಚಂದ್ರನೇ? ಹಾರುವ ಮೊದಲು ಪತ್ರಕರ್ತರು ಕೇಳಿದ ಪ್ರಶ್ನೆ ಇನ್ನೂ ಸೊಗಸು. ಕೆಲಸ ಕೈಕೊಟ್ಟರೆ ಅಳ್ತೀರಾ ಅಂತ. ಜೊತೆಗಿದ್ದ ನಾಲ್ವರು ಗಂಡಸರ ಕಣ್ಣೀರಿನ ಬಗ್ಗೆ ಮಾತ್ರ ಅವರಿಗೆ ಚಿಂತೆ ಇರಲಿಲ್ಲ.

ಇದನ್ನೆಲ್ಲ ಗುಣ ನೋಡುವ ಪೈಕಿಯ ಹಿರಿಯರೊಬ್ಬರಿಗೆ ಹೇಳಿದೆ. "ಛೆ, ಎಂಥ ಕೀಳು ಜನ" ಅಂದರು. ಆಮೇಲೆ, ತಾವು ಹಿಂದಿನ ವಾರ ಒಬ್ಬ ವಿಜ್ಞಾನಿಯ ಉಪನ್ಯಾಸ ಕೇಳಿಬಂದಿದ್ದನ್ನು ನೆನಪಿಸಿಕೊಂಡರು. ಒಂದು ಗಂಟೆ ಮಾತಾಡಿದಳಂತೆ. ಯಾವುದರ ಬಗ್ಗೆ ಅಂತ ಕೇಳಿದೆ.

"ಅದು ನೆನಪಿಲ್ಲಪ್ಪ. ಆದರೆ ಎಷ್ಟು ಸರಳ ಉಡುಪು ಅಂತೀಯಾ! ಬಾಗಿಲಲ್ಲಿ ನೋಡಿದಾಗಲೇ ಬುದ್ಧಿವಂತೆ ಅಂತ ಗೊತ್ತಾಯ್ತು."